ತಲಪಾಡಿಯ ಆಚೆ 21, ಈಚೆ 18: ಹೊಗೆಗೆ ಗಡಿಯಿಲ್ಲ

ತಂಬಾಕು ನಿಯಂತ್ರಣದ ಕೇಂದ್ರ ಕಾಯ್ದೆಗೆ ಕರ್ನಾಟಕವು ತಂದ ತಿದ್ದುಪಡಿಗೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಅದರಂತೆ ಅಲ್ಲಿ 21 ವರ್ಷ ತುಂಬದವರಿಗೆ ಸಿಗರೇಟು ಮಾರುವಂತಿಲ್ಲ. ಬಿಡಿ ಸಿಗರೇಟಿನ ಮಾರಾಟಕ್ಕೂ ನಿಷೇಧವಿದೆ. ತಲಪಾಡಿ ದಾಟಿ ಮಂಜೇಶ್ವರದ ಕಡೆಗೆ ಬಂದರೆ 2003ರ ಮೂಲ ಕಾಯ್ದೆಯ 18 ವರ್ಷದ ಮಿತಿಯೇ ಅನ್ವಯ. ಮಂಗಳೂರಿನ ಕಾಲೇಜುಗಳಿಗೆ ನಿತ್ಯ ಹೋಗಿಬರುವ ನಮ್ಮ ಮಕ್ಕಳು ದಿನವೂ ಎರಡು ಕಾನೂನುಗಳ ನಡುವೆ ಸಂಚರಿಸುತ್ತಿದ್ದಾರೆ.

ಈ ಮೂರು ವರ್ಷಗಳ ಅಂತರ ಅಲ್ಪವೆಂದು ಭಾವಿಸಲಾಗದು. ಸಿಗರೇಟಿನ ಹೊಗೆಯಲ್ಲಿ ಕನಿಷ್ಠ 70 ಕ್ಯಾನ್ಸರುಕಾರಕ ರಾಸಾಯನಿಕಗಳಿವೆ. ಅವುಗಳಲ್ಲಿ ಬೆಂಜೋಪೈರೀನ್‌ನಂತಹವು ಜೀವಕೋಶದ ಡಿಎನ್‌ಎಗೆ ಅಂಟಿಕೊಂಡು, ಕೋಶಗಳ ಅತಿಬೆಳವಣಿಗೆಯನ್ನು ತಡೆಯುವ ವಂಶವಾಹಿಯನ್ನೇ ಕೆಡಿಸುತ್ತವೆ. ಆದರೆ ಗಡ್ಡೆ ಕಾಣಿಸಿಕೊಳ್ಳಲು ಹಲವು ದಶಕಗಳೇ ಬೇಕು. ಹದಿನೆಂಟರಲ್ಲಿ ಹಚ್ಚಿದ ಸಿಗರೇಟಿನ ಲೆಕ್ಕ ಐವತ್ತರಲ್ಲಿ ಸಲ್ಲುತ್ತದೆ. 'ಇಷ್ಟು ವರ್ಷ ಸೇದಿದೆ, ಏನಾಯಿತು?' ಎಂಬ ಉಡಾಫೆಯ ಮಾತು ಹುಟ್ಟುವುದು ಈ ವಿಳಂಬದಿಂದಲೇ.

ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ 1951ರಲ್ಲಿ ಆರಂಭಿಸಿದ ವೈದ್ಯರ ಅಧ್ಯಯನವು 34,439 ಪುರುಷ ವೈದ್ಯರನ್ನು ಐವತ್ತು ವರ್ಷಗಳ ಕಾಲ ಗಮನಿಸಿತು. ಧೂಮಪಾನವನ್ನು ಬಿಡದೆ ಮುಂದುವರಿಸಿದವರ ಆಯುಷ್ಯವು ಸರಾಸರಿ ಹತ್ತು ವರ್ಷ ಕಡಿಮೆಯಾಗಿತ್ತು. ಮೂವತ್ತರಲ್ಲಿ ಬಿಟ್ಟವರು ಆ ಹತ್ತೂ ವರ್ಷಗಳನ್ನು ಬಹುತೇಕ ಉಳಿಸಿಕೊಂಡರು. ಐವತ್ತರಲ್ಲಿ ಬಿಟ್ಟವರು ಆರು ವರ್ಷ ಗಳಿಸಿದರು. ಮಕ್ಕಳು ತೊಡಗದಂತೆ ಕಾಯುವುದೂ, ಈಗಾಗಲೇ ಸೇದುತ್ತಿರುವ ತಂದೆ ಇಂದೇ ಬಿಡುವುದೂ ಸಮಾನವಾಗಿ ಮುಖ್ಯವೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸುವ ತೀರ್ಪನ್ನು 1999ರಲ್ಲೇ ನೀಡಿ ದೇಶಕ್ಕೆ ದಾರಿ ತೋರಿದ್ದು ಕೇರಳ ಹೈಕೋರ್ಟು. ಅಂತಹ ರಾಜ್ಯವು ವಯೋಮಿತಿಯಲ್ಲಿ ನೆರೆರಾಜ್ಯಕ್ಕಿಂತ ಹಿಂದುಳಿಯುವುದು ಶೋಭೆಯಲ್ಲ. ಸರಕಾರವು ಮಿತಿಯನ್ನು ಏರಿಸಲೆಂದು ಆಗ್ರಹಿಸೋಣ. ಅಲ್ಲಿಯವರೆಗೆ ಕೈಯಲ್ಲಿರುವ ಕಾನೂನನ್ನಾದರೂ ಬಳಸೋಣ. ಶಾಲೆಯಿಂದ 100 ಗಜಗಳೊಳಗೆ ತಂಬಾಕು ಮಾರಾಟ ಇಂದಿಗೂ ಅಪರಾಧ. ಇದನ್ನು ಸಾರುವ ಫಲಕ ನಮ್ಮ ಶಾಲೆಗಳ ಮುಂದೆ ಮಲಯಾಳದ ಜೊತೆಗೆ ಕನ್ನಡದಲ್ಲಿಯೂ ಇರಬೇಕು. ಪೊಟ್ಟಣದ ಶೇ. 85 ಭಾಗವನ್ನು ಆವರಿಸುವ ಎಚ್ಚರಿಕೆಯ ಚಿತ್ರವು ಬಿಡಿ ಸಿಗರೇಟು ಕೊಳ್ಳುವ ಬಾಲಕನ ಕಣ್ಣಿಗೆ ಬೀಳುವುದೇ ಇಲ್ಲ. ಆ ಎಚ್ಚರಿಕೆಯನ್ನು ಮನೆಯೇ ಹೇಳಬೇಕಾಗುತ್ತದೆ.

ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ. ಭಾಷೆಯ ಹಕ್ಕಿಗಾಗಿ ಹೋರಾಡುವ ನಾವು, ಆ ಭಾಷೆಯನ್ನು ನಾಳೆ ಆಡಬೇಕಾದ ಮಕ್ಕಳ ಉಸಿರನ್ನೂ ಕಾಯಬೇಕಾಗಿದೆ.