ಸೂರಿನ ಶಾಖ: ಕಟ್ಟುವವರು ಮರೆತ ಲೆಕ್ಕ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬುದು ನಮ್ಮಲ್ಲಿ ಎಲ್ಲರೂ ಬಲ್ಲ ಗಾದೆ. ಹಿರಿಯರು ಇದನ್ನು ಹೇಳಿದಾಗ ಅವರ ಮನಸ್ಸಿನಲ್ಲಿದ್ದುದು ಹಣದ ಲೆಕ್ಕ. ಆದರೆ ಕಟ್ಟಡಕ್ಕೆ ಇನ್ನೊಂದು ಲೆಕ್ಕವೂ ಉಂಟು. ಅದು ಶಾಖದ ಲೆಕ್ಕ. ಹಣದ ಲೆಕ್ಕ ಎಂದಾದರೂ ತೀರೀತು, ಶಾಖದ ಲೆಕ್ಕ ಕಟ್ಟಡವು ನಿಂತಿರುವವರೆಗೂ ತೀರುವುದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಏಳುತ್ತಿರುವ ಹೊಸ ಕಟ್ಟಡಗಳನ್ನು ನೋಡಿದರೆ, ಈ ಎರಡನೆಯ ಲೆಕ್ಕವನ್ನು ಹಾಕಿದವರು ವಿರಳವೆಂದೇ ನಮಗೆ ತೋರುತ್ತದೆ.

ಈ ಸೀಮೆಯಲ್ಲಿ ಎರಡು ಬಗೆಯ ಕಟ್ಟಡಗಳು ಎದ್ದು ಕಾಣುತ್ತವೆ. ಒಂದು, ಜನರು ವಾಸಿಸುವ ಮನೆ. ಮತ್ತೊಂದು, ಹೊಗೆಸೊಪ್ಪನ್ನು ಹದಗೊಳಿಸುವ ಬ್ಯಾರನ್. ಮನೆಯು ಶಾಖವನ್ನು ಹೊರಗಿಡಬೇಕು. ಬ್ಯಾರನ್ ಅದನ್ನು ಒಳಗಿಡಬೇಕು. ಮೇಲುನೋಟಕ್ಕೆ ಇವು ಪರಸ್ಪರ ವಿರುದ್ಧವಾದರೂ ಭೌತವಿಜ್ಞಾನದ ದೃಷ್ಟಿಯಿಂದ ಇವೆರಡೂ ಒಂದೇ ಪ್ರಶ್ನೆ. ಎರಡರಲ್ಲಿಯೂ ನಾವು ಸೋಲುತ್ತಿರುವುದು ಒಂದೇ ಎಡೆಯಲ್ಲಿ, ಅಂದರೆ ಸೂರಿನಲ್ಲಿ.

ಮೊದಲು ಮನೆಯ ವಿಚಾರ. ಈ ನಾಲ್ಕು ತಾಲ್ಲೂಕುಗಳೂ ಸುಮಾರು ೧೨ ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಆದುದರಿಂದ ಏಪ್ರಿಲ್ ೨೩ರ ಸುಮಾರಿಗೊಮ್ಮೆ, ಆಗಸ್ಟ್ ೨೦ರ ಸುಮಾರಿಗೆ ಮತ್ತೊಮ್ಮೆ ನಡುಹಗಲಿನ ಸೂರ್ಯನು ಇಲ್ಲಿ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಬೇಸಿಗೆಯ ಮಧ್ಯಾಹ್ನ ಗೋಡೆಗಳಿಗೆ ಬಿಸಿಲು ಓರೆಯಾಗಿ ತಾಗಿದರೆ ಸೂರಿಗೆ ನೇರವಾಗಿ ಬೀಳುತ್ತದೆ. ಸೂರನ್ನು ಬಿಟ್ಟರೆ ಹೆಚ್ಚು ಕಾಯುವುದು ಮೂಡಣ ಮತ್ತು ಪಡುವಣ ಗೋಡೆಗಳು. ಬಾಗಿಲು ಯಾವ ದಿಕ್ಕಿಗಿರಬೇಕೆಂದು ನಾಲ್ಕು ಜನರನ್ನು ಕೇಳುವ ನಾವು, ಮಲಗುವ ಕೋಣೆಯು ಪಡುವಣ ಬಿಸಿಲಿಗೆ ಮೈಯೊಡ್ಡಿದೆಯೇ ಎಂದು ಯಾರನ್ನೂ ಕೇಳುವುದಿಲ್ಲ.

ಹಳೆಯ ಮಣ್ಣಿನ ಗೋಡೆ, ಹೆಂಚಿನ ಸೂರುಗಳ ಗುಣವೇನು? ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಯನ್ನು ದಾಟಿ ಒಳಬರಲು ಹಗಲಿನ ಶಾಖಕ್ಕೆ ಅರ್ಧ ದಿನವೇ ಬೇಕು. ತೆಳುವಾದ ಹೆಂಚು ಬಿಸಿಲಿಗೆ ಬೇಗ ಕಾದರೂ ಅಷ್ಟೇ ಬೇಗ ಆರುತ್ತದೆ. ಅದರ ಸಂದುಗಳ ಮೂಲಕ ಬಿಸಿಗಾಳಿಯು ಮೇಲೇರಿ ಹೊರಟುಹೋಗುತ್ತದೆ. ನಾಲ್ಕು ಅಂಗುಲದ ಕಾಂಕ್ರೀಟು ತಾರಸಿಯಾದರೋ ನಡುಹಗಲಲ್ಲಿ ಹೀರಿದ ಶಾಖವನ್ನು ಸುಮಾರು ಮೂರು ಗಂಟೆಗಳ ತರುವಾಯ ಒಳಮೈಗೆ ತಲಪಿಸಿ, ಇರುಳಿನ ಬಹುಭಾಗ ಕೆಳಗೆ ಮಲಗಿದವರ ಮೇಲೆ ವಿಕಿರಣದಿಂದ ಸುರಿಸುತ್ತದೆ. ಮೇಲಿನ ಬೀಸಣಿಗೆಯು ಆ ಬಿಸಿಗಾಳಿಯನ್ನೇ ಕಲಕಿ ಕೆಳಕ್ಕೆ ತಳ್ಳುತ್ತದೆ.

ಹಾಗಾದರೆ ಹೆಂಚಿನ ಮನೆಗೇ ಮರಳಬೇಕೆ? ಅಂಥ ಉಪದೇಶ ನಮ್ಮದಲ್ಲ. ಕೋತಿಗಳ ಹಾವಳಿ, ಒಡೆದ ಹೆಂಚುಗಳನ್ನು ಮಳೆಗಾಲಕ್ಕೆ ಮುನ್ನ ಸರಿಪಡಿಸುವ ಕಷ್ಟ, ಗೆದ್ದಲು, ಮರಮುಟ್ಟಿನ ಬೆಲೆ ಇವೆಲ್ಲವನ್ನೂ ಅನುಭವಿಸಿದವರು ತಾರಸಿಯನ್ನು ಆರಿಸಿಕೊಂಡರೆ ಅದರಲ್ಲಿ ತಪ್ಪೇನೂ ಇಲ್ಲ. ತಾರಸಿಯಿರಲಿ, ಆದರೆ ಬರಿಮೈಯ ತಾರಸಿ ಬೇಡ. ಪ್ರತಿ ಬೇಸಿಗೆಗೂ ಮುನ್ನ ಬಳಿದ ಬಿಳಿಯ ಸುಣ್ಣವು ಬಿಸಿಲಿನ ಬಹುಪಾಲನ್ನು ಆಕಾಶಕ್ಕೆ ಹಿಂದಿರುಗಿಸುತ್ತದೆ. ಎರಕ ಹಾಕುವಾಗ ತಾರಸಿಯ ಕೆಳಭಾಗದಲ್ಲಿ ಕಂಬಿಗಳ ನಡುವೆ ಹೆಂಚುಗಳನ್ನು ಜೋಡಿಸಿದರೆ, ಕಾಂಕ್ರೀಟು ಉಳಿಯುವುದಲ್ಲದೆ ಶಾಖಕ್ಕೂ ತಡೆಯಾಗುತ್ತದೆ. ಗೋಡೆಯ ಮೇಲ್ತುದಿಯಲ್ಲಿ ಎದುರುಬದುರಾಗಿ ಗವಾಕ್ಷಿಗಳಿದ್ದರೆ ಬಿಸಿಗಾಳಿಗೆ ದಾರಿಯಾಗುತ್ತದೆ. ಪಡುವಣಕ್ಕೆ ಉಗ್ರಾಣವನ್ನೋ ಜಗಲಿಯನ್ನೋ ಇಟ್ಟರೆ ಸಂಜೆಯ ಬಿಸಿಲನ್ನು ಅದು ತಡೆಯುತ್ತದೆ. ಕೊಡಗಿನ ಮಗ್ಗುಲಲ್ಲಿರುವ ಪಿರಿಯಾಪಟ್ಟಣ, ಕೋಟೆಗಳ ಕಡೆ ಮುಂಗಾರಿನ ಇರಚಲನ್ನೂ ತಡೆಯುತ್ತದೆ.

ಇದು ಹೊಸ ಜ್ಞಾನವೂ ಅಲ್ಲ. ೧೯೩೯ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದ ಆಟೊ ಕೊಯೆನಿಗ್ಸ್‌ಬರ್ಗರ್ ಎಂಬ ಜರ್ಮನ್ ತಜ್ಞರು ನಮ್ಮ ಬಿಸಿಲು ಮಳೆಗಳನ್ನು ಗಮನಿಸಿ ಕಟ್ಟಡಗಳನ್ನು ರೂಪಿಸಿದರು. ಮುಂದೆ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುವಿದ್ಯೆಯನ್ನು ಬೋಧಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು, ಸ್ವಲ್ಪ ಸಿಮೆಂಟು ಬೆರೆಸಿ ಒತ್ತುಯಂತ್ರದಲ್ಲಿ ಒತ್ತಿದ, ಸುಡಬೇಕಾಗಿಲ್ಲದ ಮಣ್ಣಿನ ಇಟ್ಟಿಗೆಯನ್ನು ಬೆಳಕಿಗೆ ತಂದಿತು. ವಿದ್ಯೆ ನಮ್ಮ ನಾಡಿನಲ್ಲಿಯೇ ಇದೆ. ಅದು ಮೇಸ್ತ್ರಿಯ ಕೈಗೆ ಇಳಿಯಬೇಕಷ್ಟೆ.

ಈಗ ಬ್ಯಾರನ್ನಿನ ವಿಚಾರ. ಇದನ್ನು ಹೊಲದ ಗುಡಿಸಲೆಂದು ಭಾವಿಸದೆ ಕಾರ್ಖಾನೆಯೆಂದೇ ಎಣಿಸಬೇಕು. ಹಸಿ ಎಲೆಗಳನ್ನು ಕಡ್ಡಿಗಳಿಗೆ ಕಟ್ಟಿ ಒಳಗೆ ತೂಗುಹಾಕಿ, ಸೌದೆಯ ಒಲೆಯಿಂದ ಹೊರಟ ಕೊಳವೆಗಳಲ್ಲಿ ಬಿಸಿ ಹೊಗೆಯನ್ನು ಹರಿಸಿ, ಐದಾರು ದಿನಗಳ ಕಾಲ ಉಷ್ಣಾಂಶವನ್ನು ಸುಮಾರು ೩೫ ಡಿಗ್ರಿ ಸೆಂಟಿಗ್ರೇಡಿನಿಂದ ೭೦ ಡಿಗ್ರಿಯವರೆಗೆ ಮೆಲ್ಲಮೆಲ್ಲನೆ ಏರಿಸುವುದು ಇಲ್ಲಿಯ ಕೆಲಸ.

ಒಂದು ಕಿಲೋ ಹದಗೊಂಡ ಎಲೆ ದೊರೆಯಬೇಕಾದರೆ ಐದಾರು ಕಿಲೋ ನೀರು ಆವಿಯಾಗಬೇಕು. ಐದೂವರೆ ಕಿಲೋ ಎಂದಿಟ್ಟುಕೊಳ್ಳೋಣ. ಕಿಲೋ ನೀರಿಗೆ ಸುಮಾರು ೫೭೦ ಕಿಲೋಕ್ಯಾಲರಿಯಂತೆ ಸುಮಾರು ೩,೧೦೦ ಕಿಲೋಕ್ಯಾಲರಿ ಸಾಕು. ಒಂದು ಕಿಲೋ ಒಣಸೌದೆಯು ಸುಮಾರು ೩,೫೦೦ ಕಿಲೋಕ್ಯಾಲರಿಗಳನ್ನು ಕೊಡಬಲ್ಲುದು. ಎಂದರೆ ನ್ಯಾಯವಾಗಿ ಒಂದು ಕಿಲೋ ಸೌದೆ ಸಾಕಾಗಬೇಕು. ಸಾಧಾರಣ ಬ್ಯಾರನ್ನಿನಲ್ಲಿ ಉರಿಯುವುದಾದರೋ ನಾಲ್ಕೈದು ಕಿಲೋ! ಉಳಿದ ಶಾಖವೆಲ್ಲ ಹೊಗೆಗೂಡು, ಗೋಡೆ, ಬಾಗಿಲ ಸಂದು ಮತ್ತು ಸೂರುಗಳ ಮೂಲಕ ವ್ಯರ್ಥವಾಗುತ್ತದೆ.

ಸೂರೊಂದರ ಪಾಲೆಷ್ಟು? ೧೬ ಅಡಿ ಚದರದ ಬ್ಯಾರನ್ನಿನ ನೆತ್ತಿಯ ವಿಸ್ತೀರ್ಣ ಸುಮಾರು ೨೪ ಚದರ ಮೀಟರು. ಒಳಗೆ ೬೫ ಡಿಗ್ರಿ, ಹೊರಗೆ ೨೫ ಡಿಗ್ರಿ ಇರುವಾಗ ಬರಿಯ ತಗಡಿನದೋ ಹೆಂಚಿನದೋ ಸೂರು ಗಂಟೆಗೆ ಸುಮಾರು ೪,೮೦೦ ಕಿಲೋಕ್ಯಾಲರಿಗಳನ್ನು ಹೊರಚೆಲ್ಲುತ್ತದೆ. ದಿನವೊಂದಕ್ಕೆ ಇದು ೩೦ ಕಿಲೋಗೂ ಮಿಗಿಲಾದ ಸೌದೆಯ ಶಾಖ. ಸೂರಿನ ಕೆಳಗೆ ಐದು ಸೆಂಟಿಮೀಟರು ದಪ್ಪದ ಗಾಜಿನ ಉಣ್ಣೆಯನ್ನು ಹೊದಿಸಿದರೆ ಈ ನಷ್ಟ ಐದನೆಯ ಒಂದು ಪಾಲಿಗಿಂತಲೂ ಕೆಳಗಿಳಿಯುತ್ತದೆ. ಹುಲ್ಲನ್ನು ಮಾತ್ರ ಹೊದಿಸಬಾರದು. ಬ್ಯಾರನ್ನಿಗೆ ಬೆಂಕಿಯ ಭಯ ಮೊದಲೇ ಹೆಚ್ಚು. ನಾಗರಹೊಳೆಯ ಕಾಡಿನಂಚಿನಲ್ಲಿರುವ ಹುಣಸೂರು, ಕೋಟೆಗಳಲ್ಲಿ ಇಂಥ ಸೌದೆಯ ಲೆಕ್ಕವು ಕೇವಲ ರೈತನ ಮನೆಯ ಲೆಕ್ಕವೆಂದು ಯಾರೂ ಹೇಳಲಾರರು.

ಹೊಗೆಸೊಪ್ಪಿನ ಭವಿಷ್ಯವೇ ಅನಿಶ್ಚಿತವಾಗಿರುವಾಗ ಬ್ಯಾರನ್ನಿಗೇಕೆ ಇಷ್ಟು ಚಿಂತೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ತಂಬಾಕನ್ನು ನಿಯಂತ್ರಿಸುವ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಂದವನ್ನು ಭಾರತವು ೨೦೦೪ರಲ್ಲಿ ಅಂಗೀಕರಿಸಿದೆ. ಬೆಳೆಗಾರನಿಗೆ ಬೇರೆ ದಾರಿ ತೋರಿಸಬೇಕೆಂಬುದೂ ಆ ಒಪ್ಪಂದದಲ್ಲಿದೆ. ನಾಳೆ ಶುಂಠಿ, ಅರಿಸಿನ, ಮೆಣಸಿನಕಾಯಿಗಳನ್ನು ಒಣಗಿಸಲು ಒದಗುವಂತೆ ಇಂದೇ ಕಟ್ಟಡವನ್ನು ರೂಪಿಸುವುದು ಜಾಣತನ. ಶಾಖವನ್ನು ಹಿಡಿದಿಡಬಲ್ಲ ಕೋಣೆಗೆ ಬೆಳೆ ಯಾವುದಾದರೇನು?

ಈಗ ನಕ್ಷೆಗಳಲ್ಲಿ ನಿವೇಶನದ ಅಳತೆಯಿರುತ್ತದೆ, ಬಾಗಿಲು ಕಿಟಕಿಗಳ ಗುರುತಿರುತ್ತದೆ. ಸೂರಿನಿಂದ ಎಷ್ಟು ಶಾಖ ಒಳಬಂದೀತು, ಎಷ್ಟು ಹೊರಹೋದೀತು ಎಂಬ ಒಂದು ಸಾಲು ಮಾತ್ರ ಇರುವುದಿಲ್ಲ. ಆ ಒಂದು ಸಾಲನ್ನು ಇಂಜಿನಿಯರು ಬರೆಯಬೇಕು, ಮನೆಯವರು ಕೇಳಬೇಕು, ಸಾರ್ವಜನಿಕ ಹಣದಿಂದ ಕಟ್ಟುವ ಮನೆಗಳಿಗೆ ಸರಕಾರವು ಕಡ್ಡಾಯ ಮಾಡಬೇಕು ಎಂಬುದು ನಮ್ಮ ಅಭಿಪ್ರಾಯ. ಕಾಗದದ ಮೇಲೆ ಗೆರೆಯನ್ನು ತಿದ್ದಲು ರಬ್ಬರು ಸಾಕು. ಎರಕ ಹಾಕಿದ ತಾರಸಿಯನ್ನು ತಿದ್ದುವುದು ಅಷ್ಟು ಸುಲಭವಲ್ಲ.