ನಾಯಿಯನ್ನು ಹಾಸ್ಟೆಲ್ಲಿಗೆ ಹಾಕಬೇಡಿ

ಯಲಹಂಕ, ಹೆಬ್ಬಾಳ, ಸಹಕಾರನಗರದ ಅಪಾರ್ಟ್‌ಮೆಂಟುಗಳಲ್ಲಿ ಈಗ ನಾಯಿಗಳನ್ನೂ ಹಾಸ್ಟೆಲ್ಲಿಗೆ ಹಾಕುವ ಪದ್ಧತಿ ಬಂದಿದೆ. ಟ್ರೇನರ್ ಬರ್ತಾನೆ, ನಾಯಿಯನ್ನು ವ್ಯಾನಿಗೆ ಹತ್ತಿಸಿಕೊಂಡು ರಾಜಾನುಕುಂಟೆಯ ಆಚೆ ಎಲ್ಲೋ ಒಂದು ತೋಟಕ್ಕೆ ಕರ್ಕೊಂಡು ಹೋಗ್ತಾನೆ. ತಿಂಗಳು, ಒಂದೂವರೆ ತಿಂಗಳು ಅಲ್ಲೇ ವಾಸ. ವಾರಕ್ಕೊಂದು ವಾಟ್ಸಾಪ್ ವಿಡಿಯೋ ಬರುತ್ತೆ: ನಾಯಿ ಕೂತಿದೆ, ಮಲಗಿದೆ, ಕೈ ಕೊಟ್ಟಿದೆ. ಮನೆಯವರು ಅದನ್ನು ಸ್ಟೇಟಸ್ಸಿಗೆ ಹಾಕಿಕೊಂಡು ಹಿಗ್ಗುತ್ತಾರೆ. ನಾನು ಹೇಳೋದು ಇಷ್ಟೇ: ಕಳಿಸಬೇಡಿ. ನಿಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ ನಿಮ್ಮ ನಾಯಿಗೆ ಏನೇ ಕಲಿಸಿದರೂ ಅದು ನಿಮ್ಮ ಉಪಯೋಗಕ್ಕೆ ಬರಲ್ಲ.

ನಾಯಿ ಒಂದು ಪಾಠ ಕಲಿಯುವಾಗ ಜಾಗ, ವಾಸನೆ, ಹೇಳಿದವರ ದನಿ, ಅವರು ನಿಂತ ರೀತಿ ಎಲ್ಲವನ್ನೂ ಸೇರಿಸಿಕೊಂಡೇ ಕಲಿಯುತ್ತೆ. ತೋಟದಲ್ಲಿ ಟ್ರೇನರ್ ಮುಂದೆ ಕೂತ ನಾಯಿ, ಲಿಫ್ಟಿನ ಬಾಗಿಲು ತೆರೆದಾಗ ಎದುರಿಗೆ ಇನ್ನೊಂದು ನಾಯಿ ನಿಂತಿದ್ದರೂ ಕೂರುತ್ತೆ ಅನ್ನೋ ಗ್ಯಾರಂಟಿ ಏನೂ ಇಲ್ಲ. ನಮ್ಮ ಬಿಲ್ಡಿಂಗಿನ ಒಂದು ಲ್ಯಾಬ್ರಡಾರ್ ಹೀಗೇ ಕೋರ್ಸು ಮುಗಿಸಿಕೊಂಡು ಬಂತು. ಟ್ರೇನರ್ ಬೆರಳೆತ್ತಿದರೆ ಕೂರುತ್ತೆ. ಮನೆಯವರು ಬೆರಳೆತ್ತಿದರೆ ಬೆರಳು ನೆಕ್ಕುತ್ತೆ.

‘ಪೊಲೀಸ್ ನಾಯಿ, ಮಿಲಿಟರಿ ನಾಯಿ ಎಲ್ಲಾ ಹಾಗೇ ತಾನೇ ಕಲಿಯೋದು?’ ಅಂತ ಕೇಳ್ತೀರಿ. ಖಂಡಿತ ಅಲ್ಲ. ಬೆಂಗಳೂರಿನ ದಕ್ಷಿಣಕ್ಕೆ ತರಳುವಿನಲ್ಲಿ ಸಿಆರ್‌ಪಿಎಫ್‌ನ ಶ್ವಾನ ತರಬೇತಿ ಶಾಲೆ ಇದೆ. ಬೆಲ್ಜಿಯನ್ ಮ್ಯಾಲಿನ್ವಾ ನಾಯಿಗಳಿಗೆ ಹೆಸರಾದ ಜಾಗ ಅದು. ಅಲ್ಲಿ ನಾಯಿಯ ಜೊತೆ ಅದನ್ನು ನೋಡಿಕೊಳ್ಳುವ ಜವಾನನೂ ವಿದ್ಯಾರ್ಥಿಯೇ. ಬಾಂಬು ಹುಡುಕುವ ನಾಯಿಗೇ ಜೋಡಿ ಬೇಕು ಅನ್ನುವಾಗ, ನಿಮ್ಮ ಮನೆ ಸೋಫಾ ಕಡಿಯುವ ಬೀಗಲ್ ಮಾತ್ರ ಒಂಟಿಯಾಗಿ ಹೋಗಿ ಪದವಿ ತರುತ್ತಾ?

ನಮ್ಮ ಮನೆ ಕರಿಯ ಬೀದಿಯಲ್ಲಿ ಹುಟ್ಟಿದವನು. ಗೇಟಿಗೆ ಯಾರು ಬಂದರೂ ಕೂಗಾಟ. ಅದಕ್ಕೆ ಅಂತ ಬಂದ ಮೊದಲ ಟ್ರೇನರ್, ‘ಒಂದು ತಿಂಗಳು ನನಗೆ ಕೊಡಿ ಸಾರ್’ ಅಂದ. ‘ನಡುವೆ ಬಂದು ನೋಡಬಹುದಾ?’ ಅಂದೆ. ‘ಓನರ್ ಇದ್ರೆ ಡಾಗ್ ಕಾನ್ಸಂಟ್ರೇಟ್ ಮಾಡಲ್ಲ ಸಾರ್’ ಅಂದ. ಕಮಾಂಡ್ ಎಲ್ಲಾ ಇಂಗ್ಲಿಷಿನಲ್ಲೇ ಇರಬೇಕಂತೆ. ಕನ್ನಡದಲ್ಲಿ ಹೇಳಿದರೆ ನಾಯಿ ಕನ್‌ಫ್ಯೂಸ್ ಆಗುತ್ತಂತೆ! ದಿನವಿಡೀ ಕರಿಯನ ಜೊತೆ ಇರೋದು ನಮ್ಮಮ್ಮ. ಅವರು ‘ಕೂತ್ಕೊಳೋ’ ಅಂತಾರೆ, ‘ಬ್ಯಾಡ’ ಅಂತಾರೆ. ನಾಯಿಗೆ ಇಂಗ್ಲಿಷೂ ಒಂದೇ, ಕನ್ನಡವೂ ಒಂದೇ. ದನಿ ಚಿಕ್ಕದಾಗಿರಬೇಕು, ಮನೆಯವರೆಲ್ಲ ಅದನ್ನೇ ಹೇಳಬೇಕು, ಅಷ್ಟೇ ಲೆಕ್ಕ. ಮಕ್ಕಳಿಗಂತೂ ಇಂಗ್ಲಿಷ್ ಮೀಡಿಯಂ ಆಯ್ತು, ಈಗ ನಾಯಿಗೂ ಬೇಕಾ? ಆತನಿಗೆ ಕಾಫಿ ಕೊಟ್ಟು ಕಳಿಸಿದೆ.

ಇದು ಬರೀ ದುಡ್ಡು ದಂಡವಾಗುವ ವಿಷಯ ಆಗಿದ್ದರೆ ನಾನು ಇಷ್ಟು ಬರೀತಿರಲಿಲ್ಲ. ಬಾಗಿಲ ಹಿಂದೆ ಬೇಗ ಫಲ ಕೊಡುವ ಉಪಾಯ ಹೆದರಿಕೆ. ಚೋಕ್ ಚೈನ್ ಎಳೆದರೆ, ಒಳಮುಳ್ಳಿನ ಬೆಲ್ಟ್ ಜಗ್ಗಿದರೆ ನಾಯಿ ತಕ್ಷಣ ಸುಮ್ಮನಾಗುತ್ತೆ. ವಿಡಿಯೋದಲ್ಲಿ ಅದು ಶಿಸ್ತಿನ ಹಾಗೆ ಕಾಣುತ್ತೆ. ಕಿವಿ ಹಿಂದಕ್ಕೆ ಹೋಗಿದ್ದು, ಬಾಲ ಕಾಲ ಸಂದಿಗೆ ಸೇರಿದ್ದು, ನಿದ್ದೆ ಬರದಿದ್ದರೂ ಮತ್ತೆ ಮತ್ತೆ ಆಕಳಿಸಿದ್ದು ಯಾರಿಗೂ ಕಾಣಲ್ಲ. ಎಲ್ಲಕ್ಕಿಂತ ಅಪಾಯ ಅಂದರೆ ಗುರ್ ಅಂದಿದ್ದಕ್ಕೆ ಹೊಡೆಯೋದು. ಗುರ್ ಅನ್ನೋದು ನಾಯಿ ಕೊಡುವ ಎಚ್ಚರಿಕೆ: ‘ಹತ್ತಿರ ಬರಬೇಡ, ನನಗೆ ಭಯ ಆಗ್ತಿದೆ’. ಹೊಡೆದು ಅದನ್ನು ಬಿಡಿಸಿದರೆ ಭಯ ಹೋಗಲ್ಲ, ಎಚ್ಚರಿಕೆ ಮಾತ್ರ ಹೋಗುತ್ತೆ. ಆಮೇಲೆ ಒಂದು ದಿನ ಮಗು ಅದರ ತಟ್ಟೆಯ ಹತ್ತಿರ ಹೋದಾಗ ನೇರವಾಗಿ ಹಲ್ಲು. ‘ಏನೂ ಸುಳಿವು ಕೊಡದೆ ಕಚ್ಚಿಬಿಡ್ತು’ ಅಂತ ಎಲ್ಲರೂ ನಾಯಿಯನ್ನೇ ಬೈತಾರೆ.

ಈ ಹೊಡೆತಕ್ಕೆ ಒಂದು ಸಿದ್ಧಾಂತವೂ ಇದೆ: ‘ನೀವು ಆಲ್ಫಾ ಆಗ್ಬೇಕು ಸಾರ್’. ಇದರ ಬೇರು 1947ರಲ್ಲಿ ರುಡಾಲ್ಫ್ ಶೆಂಕೆಲ್ ಬರೆದ, ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳ ಅಧ್ಯಯನದಲ್ಲಿದೆ. 1970ರಲ್ಲಿ ತನ್ನ ಪುಸ್ತಕದ ಮೂಲಕ ಅದನ್ನು ಹಬ್ಬಿಸಿದ ಡೇವಿಡ್ ಮೆಕ್ ಎಂಬ ವಿಜ್ಞಾನಿಯೇ, ಕಾಡಿನಲ್ಲಿ ತೋಳಗಳನ್ನು ವರ್ಷಗಟ್ಟಲೆ ನೋಡಿ, 1999ರಲ್ಲಿ ಅದನ್ನು ತಿದ್ದಿದರು. ಕಾಡಿನ ತೋಳದ ಗುಂಪು ಅಂದರೆ ಅಪ್ಪ, ಅಮ್ಮ, ಮಕ್ಕಳ ಸಂಸಾರ ಅಷ್ಟೇ. ಆ ತಿದ್ದುಪಡಿ ಇನ್ನೂ ರಾಜಾನುಕುಂಟೆ ತಲುಪಿಲ್ಲ.

ಕಾನೂನು ಕಾಪಾಡುತ್ತೆ ಅಂತೀರಾ? 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ನಾಯಿಗೆ ಹೊಡೆದು ಹಿಂಸಿಸಿದವನಿಗೆ ಮೊದಲ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಯಲಹಂಕದಲ್ಲಿ ಒಂದು ಮಸಾಲೆ ದೋಸೆಗೂ ಅದು ಸಾಲದು. ಅದೇ ಕಾಯ್ದೆ, ಪ್ರಾಣಿಗಳನ್ನು ಕುಣಿಸಿ ಟಿಕೆಟ್ ಮಾರುವ ಪ್ರದರ್ಶನಕ್ಕೆ ತರಬೇತಿ ಕೊಡುವವರು ನೋಂದಣಿ ಮಾಡಿಸಲೇಬೇಕು ಅನ್ನುತ್ತೆ. ಮನೆನಾಯಿಗೆ ಪಾಠ ಹೇಳುವವನ ಅರ್ಹತೆ ಏನು ಅಂತ ಕೇಳುವ ಒಂದು ಸಾಲೂ ಅದರಲ್ಲಿಲ್ಲ. ಒಂದು ವಿಸಿಲ್, ಒಂದು ಟೀ ಶರ್ಟ್ ಇದ್ದರೆ ಸಾಕು, ಟ್ರೇನರ್!

‘ನಮಗೆ ಟೈಮಿಲ್ಲ’ ಅನ್ನೋದು ದೊಡ್ಡ ಸಬೂಬು. ಹೆಬ್ಬಾಳ ಫ್ಲೈಓವರಿನ ಮೇಲೆ ದಿನಾ ಎಷ್ಟು ಹೊತ್ತು ಹೋಗುತ್ತೆ ಅಂತ ನನಗೂ ಗೊತ್ತು ಸ್ವಾಮಿ. ಆದರೆ ನಾಯಿಗೆ ಬೇಕಿರೋದು ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ, ಕೈಯಲ್ಲಿ ನಾಲ್ಕು ಚೂರು ಬೇಯಿಸಿದ ಚಿಕನ್ನೋ ಪನೀರೋ. ಅಷ್ಟೂ ಆಗಲ್ಲ ಅಂದರೆ ನಾಯಿ ಯಾಕೆ ತಂದಿರಿ?

ಟ್ರೇನರುಗಳೇ ಬೇಡ ಅಂತ ನಾನು ಹೇಳ್ತಿಲ್ಲ. ಆಮೇಲೆ ನಮ್ಮನೆಗೆ ಆರ್‌ಟಿ ನಗರದಿಂದ ಸ್ಕೂಟರಿನಲ್ಲಿ ಒಬ್ಬ ಹುಡುಗಿ ಬಂದಳು. ಮೊದಲ ದಿನ ಕರಿಯನನ್ನು ಮುಟ್ಟಲೇ ಇಲ್ಲ. ಒಂದು ಗಂಟೆ ಕೂತು, ಬೆಲ್ ಹೊಡೆದಾಗ ಮನೆಯಲ್ಲಿ ಯಾರು ಏನು ಮಾಡ್ತಾರೆ ಅಂತ ನೋಡಿದಳು. ‘ಅಮ್ಮಾ, ಅವನು ಕೂಗಿದಾಗ ನೀವೂ ಕೂಗ್ತೀರಿ. ನೀವೂ ಸೇರ್ಕೊಂಡ್ರಿ ಅಂತ ಅವನು ಇನ್ನೂ ಜೋರು ಮಾಡ್ತಾನೆ’ ಅಂದಳು. ನಮ್ಮಮ್ಮನಿಗೇ ಹೋಂವರ್ಕ್ ಕೊಟ್ಟಳು: ಬೆಲ್ ಆದ ಕೂಡಲೇ ಚಾಪೆಯ ಮೇಲೆ ಒಂದು ಚೂರು ತಿಂಡಿ ಹಾಕೋದು. ಆರು ವಾರದಲ್ಲಿ ಬೆಲ್ ಆದರೆ ಕರಿಯ ಚಾಪೆಗೆ ಓಡೋದು ಕಲಿತ. ಕೊರಿಯರ್ ಹುಡುಗನನ್ನು ಕಂಡರೆ ಈಗಲೂ ಒಂದೆರಡು ಸಲ ಕೂಗ್ತಾನೆ. ಅಷ್ಟು ಇರಲಿ ಬಿಡಿ.

ಹಾಗಾಗಿ ಟ್ರೇನರ್ ಬಂದಾಗ ಫೀಸು ಎಷ್ಟು ಅಂತ ಕೇಳೋ ಮುಂಚೆ ಮೂರು ಪ್ರಶ್ನೆ ಕೇಳಿ. ಪಾಠದ ಹೊತ್ತಿಗೆ ನಾನು ಇರಬಹುದಾ? ನಾಯಿ ಸರಿಯಾಗಿ ಮಾಡಿದರೆ ಏನು ಕೊಡ್ತೀರಿ? ತಪ್ಪು ಮಾಡಿದರೆ ಏನು ಮಾಡ್ತೀರಿ? ಮೂರನೆಯದಕ್ಕೆ ಉತ್ತರ ತಡವರಿಸಿದರೆ, ಮೊದಲನೆಯದಕ್ಕೆ ‘ಬೇಡ’ ಅಂದರೆ, ಗೇಟಿನಿಂದಲೇ ನಮಸ್ಕಾರ ಹೇಳಿ ಕಳಿಸಿ.