ಒಡವೆ ಪೆಟ್ಟಿಗೆಯಲ್ಲಿ ರಿವಾಲ್ವರ್

ಹೆಂಗಸರಿಗೆ ಏನನ್ನು ಮಾರಬೇಕಾದರೂ ಅದನ್ನು ಒಡವೆಯ ಹಾಗೆ ಅಲಂಕರಿಸಿ ತೋರಿಸಬೇಕು ಎಂಬ ನಂಬಿಕೆ ನಮ್ಮ ವ್ಯಾಪಾರಸ್ಥರಲ್ಲಿ ಬಹಳ ಹಿಂದಿನಿಂದ ಬಂದದ್ದು. ಸೀರೆಗೆ, ಸಾಬೂನಿಗೆ, ಕುಕ್ಕರಿಗೆ ಅದು ಸಲ್ಲುವುದಾದರೆ ಸಲ್ಲಲಿ. ಆದರೆ 2014ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಯವರು ಹೆಂಗಸರಿಗಾಗಿಯೇ ಒಂದು ರಿವಾಲ್ವರ್ ತಯಾರಿಸಿ, ಕಡುಗೆಂಪು ಬಣ್ಣದ ಒಡವೆ ಪೆಟ್ಟಿಗೆಯಲ್ಲಿಟ್ಟು ಮಾರಾಟಕ್ಕೆ ಬಿಟ್ಟರು. ಹೆಸರು ‘ನಿರ್ಭೀಕ್’. 2012ರ ಡಿಸೆಂಬರ್ 16ರ ರಾತ್ರಿ ದೆಹಲಿಯ ಬಸ್ಸಿನಲ್ಲಿ ಬಲಿಯಾದ ಹುಡುಗಿಗೆ ಪತ್ರಿಕೆಗಳು ಕೊಟ್ಟಿದ್ದ ‘ನಿರ್ಭಯಾ’ ಎಂಬ ಹೆಸರಿನ ನೆರಳು ಅದರ ಮೇಲಿತ್ತು. ತೂಕ ಅರ್ಧ ಕಿಲೋ, ಆರು ಗುಂಡು, ಬೆಲೆ 1,22,360 ರೂಪಾಯಿ. ಅಂದಿನ ನನ್ನ ನಾಲ್ಕು ತಿಂಗಳ ಸಂಬಳವನ್ನು ಪೂರ್ತಿ ಸುರಿದರೂ ಸಾಲದು. ವ್ಯಾನಿಟಿ ಬ್ಯಾಗಿನಲ್ಲಿ ಹಿಡಿಸುತ್ತದೆ ಎಂಬುದು ಅದರ ದೊಡ್ಡ ಹೆಗ್ಗಳಿಕೆ. ಊಟದ ಡಬ್ಬಿ, ಉತ್ತರ ಪತ್ರಿಕೆ, ಮಗುವಿನ ಔಷಧಿಯ ಚೀಟಿ ಇವೆಲ್ಲ ತುಂಬಿದ ನಮ್ಮ ಬ್ಯಾಗುಗಳನ್ನು ಅವರು ನೋಡಿರಲಾರರು.

ಹತ್ತು ವರ್ಷದ ಮೇಲಾಯಿತು, ಈಗೇಕೆ ಆ ಮಾತು ಎನ್ನುತ್ತೀರಾ? ಎಲ್ಲಾದರೂ ಒಂದು ಹೆಣ್ಣಿನ ಮೇಲೆ ಅತ್ಯಾಚಾರವಾದ ಸುದ್ದಿ ಬಂದಾಗಲೆಲ್ಲ ‘ಹೆಂಗಸರ ಕೈಗೆ ಪಿಸ್ತೂಲು ಕೊಡಿ’ ಎಂದು ಗಂಭೀರ ಮುಖ ಮಾಡಿಕೊಂಡು ಹೇಳುವವರು ಇದ್ದೇ ಇದ್ದಾರೆ. ಮೊನ್ನೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಗಂಡನಿಗೆ ಊರೂರು ಸುತ್ತುವ ಕೆಲಸ, ಊರ ಹೊರಗಿನ ಹೊಸ ಬಡಾವಣೆಯಲ್ಲಿ ಮನೆ, ತೊಡೆಯ ಮೇಲೆ ಎರಡು ವರ್ಷದ ಗಂಡು ಮಗು. “ಟೀಚರ್, ರಿವಾಲ್ವರ್ ಒಳ್ಳೆಯದೋ ಪಿಸ್ತೂಲೋ?” ಎಂದು ಕೇಳಿದಳು. ಅವಳ ಭಯ ಸುಳ್ಳಲ್ಲ. ರಾತ್ರಿ ಹನ್ನೊಂದಕ್ಕೆ ಯಾರೋ ಗೇಟು ಅಲ್ಲಾಡಿಸಿ ಹೋದ ಮೇಲೆ ಬೆಳಗಿನವರೆಗೆ ಕಣ್ಣು ಮುಚ್ಚದೆ ಕುಳಿತವಳು ಅವಳು. ನಕ್ಕು ಕಳಿಸುವ ಪ್ರಶ್ನೆ ಅದಲ್ಲ.

ಕೇಳಿದ್ದಕ್ಕೆ ಮೊದಲು ಉತ್ತರ ಕೊಡೋಣ. ರಿವಾಲ್ವರಿನಲ್ಲಿ ಗುಂಡುಗಳು ಒಂದು ತಿರುಗುವ ಉರುಳೆಯೊಳಗೆ ಕೂತಿರುತ್ತವೆ. ಅದನ್ನು ಹೊರಕ್ಕೆ ಸರಿಸಿ ನೋಡಿದರೆ ತುಂಬಿದೆಯೋ ಖಾಲಿಯೋ ಕಣ್ಣಿಗೇ ಕಾಣುತ್ತದೆ. ಪಿಸ್ತೂಲಿನಲ್ಲಿ ಗುಂಡಿನ ಪಟ್ಟಿ ಹಿಡಿಯೊಳಗೆ ಹೋಗುತ್ತದೆ. ಆ ಪಟ್ಟಿ ತೆಗೆದ ಮೇಲೂ ನಳಿಗೆಯ ಬುಡದಲ್ಲಿ ಒಂದು ಗುಂಡು ಉಳಿದಿರಬಹುದು. ‘ಖಾಲಿ ಇದೆ’ ಎಂದು ಆಟಕ್ಕೆ ಗುರಿಯಿಟ್ಟು ಮನೆಯವರನ್ನೇ ಕೊಂದ ಕಥೆಗಳ ಹಿಂದೆ ಇರುವುದು ಆ ಒಂದು ಗುಂಡು. ಹೆಚ್ಚು ಆರಿಸುವುದಕ್ಕೂ ನಮ್ಮಲ್ಲಿ ಇಲ್ಲ. ಪೊಲೀಸರು, ಸೈನಿಕರು ಬಳಸುವ 9 ಮಿಲಿಮೀಟರಿನ ಪಿಸ್ತೂಲು ಜನಸಾಮಾನ್ಯರಿಗೆ ನಿಷಿದ್ಧ, ಸಾಮಾನ್ಯವಾಗಿ ಸಿಗುವುದು.32 ಬೋರಿನದು. ಇಪ್ಪತ್ತೊಂದು ವರ್ಷ ತುಂಬಿರಬೇಕು, ಅರ್ಜಿ ಹಾಕಬೇಕು, ಪೊಲೀಸರು ವಿಚಾರಣೆ ಮಾಡಬೇಕು. 2016ರ ನಿಯಮಗಳ ಪ್ರಕಾರ ಬಂದೂಕು ಬಳಕೆಯ ಸುರಕ್ಷತಾ ತರಬೇತಿಯೂ ಆಗಬೇಕು. ತರಬೇತಿ ಎಂದರೆ ಒಂದು ದಿನ ಹೋಗಿ ಸರ್ಟಿಫಿಕೇಟು ತರುವುದಲ್ಲ. ಕೈಬಂದೂಕಿಗೆ ನಳಿಗೆ ಗಿಡ್ಡ, ಭುಜದ ಆಸರೆಯಿಲ್ಲ. ಕೈ ಒಂದು ಎಳೆಯಷ್ಟು ಅಲುಗಿದರೂ ಗುಂಡು ಗೋಡೆಗೆ. ಕತ್ತಲಲ್ಲಿ, ನಿದ್ದೆಗಣ್ಣಿನಲ್ಲಿ, ಎದೆ ಡವಗುಟ್ಟುವಾಗ ಗುರಿ ಹಿಡಿಯಬೇಕಾದರೆ ತಿಂಗಳು ತಿಂಗಳೂ ಅಭ್ಯಾಸ ಬೇಕು. ನಮ್ಮ ಊರುಗಳಲ್ಲಿ ಹೆಂಗಸರು ಸೈಕಲ್ ಕಲಿಯಲು ಜಾಗ ಸಿಕ್ಕಿದ್ದೇ ಮೊನ್ನೆ ಮೊನ್ನೆ.

ಇನ್ನು ಅದನ್ನು ಇಡುವುದು ಎಲ್ಲಿ? ಗುಂಡು ಬೇರೆ, ರಿವಾಲ್ವರ್ ಬೇರೆ ಮಾಡಿ ಬೀರುವಿಗೆ ಬೀಗ ಹಾಕಿದರೆ ಗೇಟು ಅಲ್ಲಾಡಿಸಿದವನು ಒಳಗೆ ಬಂದು ನಿಂತರೂ ಬೀಗದ ಕೈ ಸಿಗುವುದಿಲ್ಲ. ದಿಂಬಿನ ಕೆಳಗೆ ತುಂಬಿಟ್ಟುಕೊಂಡರೆ ಆ ಎರಡು ವರ್ಷದ ಪೋರನಿಗೆ ಸಿಗುತ್ತದೆ. ಈ ಒಗಟನ್ನು ಬಿಡಿಸಿದವರನ್ನು ನಾನು ಕಂಡಿಲ್ಲ. ಅಮೆರಿಕದಲ್ಲಿ ಮನೆಮನೆಗೆ ಬಂದೂಕು. ಅಲ್ಲಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ 1993ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಬಂದೂಕು ಇರುವ ಮನೆಯಲ್ಲಿ ಕೊಲೆಯಾಗುವ ಸಂಭವ ಇಲ್ಲದ ಮನೆಗಿಂತ 2.7 ಪಟ್ಟು ಎಂದು ಅದರಲ್ಲಿ ಕಂಡುಬಂತು. ಕೊಂದವರು ಬಹುಮಟ್ಟಿಗೆ ಕಳ್ಳರಲ್ಲ. ಮನೆಯವರು, ಇಲ್ಲವೇ ಆಪ್ತರು.

ಇದನ್ನು ತಿಳಿಯಲು ನನಗೆ ಅಮೆರಿಕ ಬೇಕಿರಲಿಲ್ಲ. ನಮ್ಮ ತವರು ಮಲೆನಾಡಿನ ಕಡೆ. ದೊಡ್ಡಪ್ಪನ ಮನೆಯಲ್ಲಿ ಬೆಳೆ ಕಾಯುವುದಕ್ಕೆಂದು ಲೈಸೆನ್ಸಿನ ತೋಟಾಕೋವಿ ಇತ್ತು. ಹಂದಿ ಬಂದಾಗ ಅದು ಹೊರಗೆ ಹೋಗುತ್ತಿದ್ದದ್ದು ವರ್ಷಕ್ಕೆ ನಾಲ್ಕಾರು ಸಲ. ಆದರೆ ದೊಡ್ಡಪ್ಪ ಪೇಟೆಯಿಂದ ಕುಡಿದು ಬರುವ ಸಂಜೆಗಳು ಅದಕ್ಕಿಂತ ಎಷ್ಟೋ ಹೆಚ್ಚು. ಸಂತೆಯ ದಿನ ದೀಪ ಹಚ್ಚುವ ಹೊತ್ತಿಗೆ ದೊಡ್ಡಮ್ಮ ಸದ್ದಿಲ್ಲದೆ ತೋಟಾಗಳನ್ನೆಲ್ಲ ಬಟ್ಟೆಯಲ್ಲಿ ಕಟ್ಟಿ ಅಕ್ಕಿಯ ಡಬ್ಬಿಯೊಳಗೆ ಹೂತಿಡುತ್ತಿದ್ದಳು. ಬೆಳಿಗ್ಗೆ ಅಕ್ಕಿ ಅಳೆಯುವ ಮುಂಚೆ ತೆಗೆದು ಇದ್ದಲ್ಲೇ ಇಡುತ್ತಿದ್ದಳು. ಮೂವತ್ತು ವರ್ಷ ಸಂಸಾರ ಮಾಡಿದಳು, ಒಂದು ಸಂತೆಯ ದಿನವೂ ಮರೆಯಲಿಲ್ಲ. ಕೋವಿ ಯಾರನ್ನು ಕಾಯುತ್ತಿತ್ತು, ಕೋವಿಯಿಂದ ಯಾರು ಯಾರನ್ನು ಕಾಯುತ್ತಿದ್ದರು, ನೀವೇ ಹೇಳಿ.

ಪಿಸ್ತೂಲು ಕೊಡಿ ಎನ್ನುವವರ ಮನಸ್ಸಿನಲ್ಲಿರುವ ಶತ್ರು ಯಾವಾಗಲೂ ಬೀದಿಯವನು, ಅಪರಿಚಿತ. ಸರ್ಕಾರದ ಅಪರಾಧ ದಾಖಲೆಗಳು ವರ್ಷ ವರ್ಷವೂ ಬೇರೆ ಮಾತು ಹೇಳುತ್ತವೆ. ದಾಖಲಾದ ಅತ್ಯಾಚಾರಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮೀರಿ ಆರೋಪಿ ಹೆಣ್ಣಿಗೆ ಗೊತ್ತಿರುವವನೇ: ನೆಂಟ, ನೆರೆಯವನು, ಕೆಲಸ ಕೊಟ್ಟವನು, ಮದುವೆಯ ಮಾತು ಕೊಟ್ಟವನು. ಹೆಂಗಸರ ಮೇಲಿನ ಅಪರಾಧಗಳಲ್ಲಿ ಅತಿ ದೊಡ್ಡ ರಾಶಿ ಗಂಡ ಮತ್ತು ಅವನ ಮನೆಯವರ ಕ್ರೌರ್ಯದ್ದು. ಚಿಕ್ಕಪ್ಪನ ಮೇಲೆ, ಟ್ಯೂಷನ್ ಹೇಳುವವನ ಮೇಲೆ, ತಾಳಿ ಕಟ್ಟಿದವನ ಮೇಲೆ ಹುಡುಗಿ ರಿವಾಲ್ವರ್ ಎತ್ತಬೇಕೇ? ಬಾಯಿ ಬಿಟ್ಟು ಹೇಳಿದರೇ ‘ಮನೆಯ ಮಾನ’ ಎಂದು ಬಾಯಿ ಮುಚ್ಚಿಸುವ ಕುಟುಂಬ, ಅವಳು ಕುದುರೆ ಎಳೆದ ಮೇಲೆ ಅವಳ ಪರ ಸಾಕ್ಷಿ ಹೇಳುತ್ತದೆಯೇ?

ಕಾನೂನು ಆತ್ಮರಕ್ಷಣೆಗೆ ಅವಕಾಶ ಕೊಟ್ಟಿದೆ, ನಿಜ. ಹಳೆಯ ದಂಡಸಂಹಿತೆಯ 100ನೇ ಕಲಮಿನಲ್ಲಿದ್ದದ್ದು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 38ನೇ ಕಲಮಾಗಿದೆ. ಅತ್ಯಾಚಾರದ ಉದ್ದೇಶದಿಂದ, ಅಪಹರಣದ ಉದ್ದೇಶದಿಂದ ಎರಗಿದವನನ್ನು, ಆ್ಯಸಿಡ್ ಎರಚಲು ಬಂದವನನ್ನು ತಡೆಯುವಾಗ ಅವನ ಪ್ರಾಣ ಹೋದರೂ ಅದು ಅಪರಾಧವಲ್ಲ. ಇದನ್ನು ಪ್ರತಿ ಹೆಣ್ಣುಮಗಳೂ ತಿಳಿದಿರಬೇಕು. ನಾನು ಹತ್ತನೇ ತರಗತಿಯ ಹುಡುಗಿಯರಿಗೆ ಪಠ್ಯದಲ್ಲಿಲ್ಲದಿದ್ದರೂ ಹೇಳುತ್ತೇನೆ. ಆದರೆ ಆ ಕಲಮಿನಲ್ಲಿ ರಿವಾಲ್ವರ್ ಎಂಬ ಮಾತಿಲ್ಲ. ಒನಕೆಗೂ ಅದೇ ಕಾನೂನು, ಈಳಿಗೆಮಣೆಗೂ ಅದೇ.

ಕೊಡಗಿನವರ ಮಾತೇನು ಎಂದು ನನ್ನ ಸಹೋದ್ಯೋಗಿಯೊಬ್ಬರು ವಾದಿಸಿದರು. ಅಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಉಂಟು. 2019ರಲ್ಲಿ ಅದನ್ನು ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿದರು. ಕೈಲ್ ಪೋಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯದಲ್ಲಿ ಹೆಂಗಸರೂ ನಿಲ್ಲುತ್ತಾರೆ. ನೋಡಲು ನನಗೂ ಹೆಮ್ಮೆಯೇ. ಆದರೆ ಅದು ತಲೆಮಾರುಗಳಿಂದ ಬಂದ ಶಿಸ್ತು. ಕೋವಿ ಮುಟ್ಟುವುದು ಹೇಗೆ, ಮುಟ್ಟದಿರುವುದು ಯಾವಾಗ ಎಂದು ಮನೆಯ ಹಿರಿಯರಿಂದ ಕಲಿತದ್ದು. ಪೇಟೆಯಲ್ಲಿ ದುಡ್ಡು ಕೊಟ್ಟು ತಂದ ಕೆಂಪು ಪೆಟ್ಟಿಗೆಯ ಜೊತೆ ಅದು ಬರುವುದಿಲ್ಲ. ಕಾಫಿ ತೋಟದ ನಡುವಿನ ಒಂಟಿ ಮನೆಯಲ್ಲಿ, ಠಾಣೆ ಇಪ್ಪತ್ತು ಮೈಲಿ ದೂರವಿರುವಲ್ಲಿ, ವಯಸ್ಸಾದ ಗಂಡಹೆಂಡಿರು ಒಂದು ಕೋವಿ ಇಟ್ಟುಕೊಂಡರೆ ನನ್ನ ತಕರಾರಿಲ್ಲ. ಅದರ ಸದ್ದಿಗೇ ಅರ್ಧ ಕಳ್ಳರು ಓಡುತ್ತಾರೆ. ಆದರೂ ಚುನಾವಣೆ ಬಂತೆಂದರೆ ಕೋವಿಗಳನ್ನು ಠಾಣೆಗೆ ಒಪ್ಪಿಸಿ ಎಂಬ ಆಜ್ಞೆ ಬರುತ್ತದಲ್ಲ, ಅಷ್ಟು ದಿನ ಕಳ್ಳರಿಗೂ ನೀತಿಸಂಹಿತೆ ಅನ್ವಯಿಸುತ್ತದೆಯೋ ಏನೋ.

2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ತಮ್ಮ ಮನೆಯ ಮುಂದೆಯೇ ಬಿದ್ದರು. ಕೊಲ್ಲಲೆಂದು ಬಂದವನು ಹೇಳಿ ಬರುವುದಿಲ್ಲ. ಬೀರುವಿನೊಳಗಿನ ಒಡವೆ ಪೆಟ್ಟಿಗೆ ತೆರೆಯುವಷ್ಟು ಹೊತ್ತು ಕಾಯುವುದೂ ಇಲ್ಲ.

ನನ್ನ ಕೋಪ ಆ ಯಂತ್ರದ ಮೇಲಲ್ಲ, ಅದನ್ನು ಕೊಟ್ಟು ಕೈ ತೊಳೆದುಕೊಳ್ಳುವ ಬುದ್ಧಿಯ ಮೇಲೆ. ದೆಹಲಿಯ ಘಟನೆಯ ನಂತರ ನ್ಯಾಯಮೂರ್ತಿ ವರ್ಮಾ ಸಮಿತಿ ಒಂದೇ ತಿಂಗಳಲ್ಲಿ, 2013ರ ಜನವರಿ 23ರಂದು ವರದಿ ಕೊಟ್ಟಿತು. ಪೊಲೀಸ್ ವ್ಯವಸ್ಥೆ ಸುಧಾರಿಸಿ, ಕಾನೂನು ಬಿಗಿ ಮಾಡಿ ಎಂದಿತು. ಆ ವರ್ಷದ ತಿದ್ದುಪಡಿಯಲ್ಲಿ, ಅತ್ಯಾಚಾರದಂಥ ದೂರನ್ನು ದಾಖಲಿಸಿಕೊಳ್ಳದ ಪೊಲೀಸನಿಗೇ ಜೈಲು ಎಂಬ ಕಲಮು ಬಂತು. ಅದೇ ವರ್ಷದ ಬಜೆಟ್ಟಿನಲ್ಲಿ ಸಾವಿರ ಕೋಟಿ ರೂಪಾಯಿಯ ನಿರ್ಭಯಾ ನಿಧಿ ತೆಗೆದಿಟ್ಟರು. ಅದರ ಹಣ ಖರ್ಚಾಗದೆ ಕೂತಿದೆ ಎಂಬ ಆಕ್ಷೇಪವನ್ನು ವರ್ಷಗಟ್ಟಲೆ ಕೇಳಿದೆವು. ದೀಪವಿಲ್ಲದ ರಸ್ತೆ, ಸಂಜೆ ಆರರ ಮೇಲೆ ಬಾರದ ಬಸ್ಸು, ‘ಯೋಚನೆ ಮಾಡಿ ಬನ್ನಮ್ಮಾ’ ಎಂದು ಹಿಂದಕ್ಕೆ ಕಳಿಸುವ ಠಾಣೆ ಇವನ್ನೆಲ್ಲ ಸರಿಪಡಿಸಬೇಕಾದ ಸರ್ಕಾರವೇ ಅಂಗಡಿ ತೆರೆದು ‘ನಿನ್ನ ಪ್ರಾಣ ನೀನೇ ನೋಡಿಕೋ, ಒಂದು ಲಕ್ಷದ ಇಪ್ಪತ್ತೆರಡು ಸಾವಿರ ತಾ’ ಎಂದರೆ ಅದಕ್ಕೆ ರಕ್ಷಣೆ ಎಂಬ ಹೆಸರೇ? ಆ ದುಡ್ಡು ಇಲ್ಲದ ಗಾರ್ಮೆಂಟ್ಸ್ ಹುಡುಗಿ ಏನು ಮಾಡಬೇಕು?

ನನ್ನ ಶಿಷ್ಯೆಗೆ ನಾನು ಹೇಳಿದ್ದು ಇಷ್ಟು: ಬಾಗಿಲಿಗೆ ಒಳಗಿನಿಂದ ಸರಪಳಿ ಮತ್ತು ಅಡ್ಡಪಟ್ಟಿ ಹಾಕಿಸು. ಹೊರಗೆ ರಾತ್ರಿಯಿಡೀ ಉರಿಯುವ ದೀಪವಿರಲಿ. ಅಕ್ಕಪಕ್ಕದ ನಾಲ್ಕು ಮನೆಯ ಹೆಂಗಸರ ನಂಬರು ಇಟ್ಟುಕೋ, ನಿನ್ನದನ್ನೂ ಕೊಡು. 112 ಒತ್ತಲು ಅನುಮಾನಿಸಬೇಡ. ಗೇಟು ಅಲ್ಲಾಡಿಸಿದ್ದಕ್ಕೆ ಬರೆದು ದೂರು ಕೊಡು, ಸ್ವೀಕೃತಿ ಪಡೆ. ಅವಳಿಗೆ ಸ್ವಲ್ಪ ನಿರಾಶೆಯಾದಂತಿತ್ತು. ಹೊಳೆಯುವ ರಿವಾಲ್ವರಿನ ಮುಂದೆ ಬಾಗಿಲ ಸರಪಳಿ ಯಾರಿಗೆ ರುಚಿಸೀತು?

ಮಾರನೆಯ ವಾರ ಅವಳ ಬಡಾವಣೆಯ ಹದಿನಾಲ್ಕು ಹೆಂಗಸರು ಸೇರಿ ಬೀದಿದೀಪಕ್ಕೆ ಅರ್ಜಿ ಬರೆದರು. ಕಾಗುಣಿತ ತಿದ್ದಿಕೊಟ್ಟದ್ದು ನಾನು. ಐದು ಕಂಬಗಳಲ್ಲಿ ಎರಡಕ್ಕೆ ದೀಪ ಬಂದಿದೆ. ಉಳಿದ ಮೂರಕ್ಕೆ ಬರುವ ಸೋಮವಾರ ಮತ್ತೆ ಹೋಗುತ್ತಿದ್ದೇವೆ.